ಸಹಿ ಯಾರದು, ಹೊಣೆ ಯಾರದು?

ಈ ಬಾರಿಯ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೂರನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಬ್ಬರು ಕಂಪನಿಯೊಳಗಿನ ಡೆವಲಪರ್, ಇನ್ನೊಬ್ಬರು ವೆಂಡರ್ (ಗುತ್ತಿಗೆಯ ಮೇಲೆ ಬರೆದುಕೊಡುವ ಕಂಪನಿ) ಕಡೆಯಿಂದ ಬಂದು ಕ್ಲೈಂಟ್ (ಮಾಡಿಸಿಕೊಳ್ಳುವ ಸಂಸ್ಥೆ) ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರು, ಮೂರನೆಯವರು ಹಣ ಕೊಟ್ಟು ಸಾಫ್ಟ್‌ವೇರ್ ಮಾಡಿಸಿಕೊಂಡ ಮಾಲೀಕರು. ಮೂವರೂ ಬೆಂಗಳೂರಿನಲ್ಲಿ ಇರುವವರು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಆದರೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಒಂದೇ ವ್ಯಾಜ್ಯದ ಮೂರು ಕಡೆಯ ಹೇಳಿಕೆಗಳಂತೆ ಕಂಡವು. ನಾನೂ ಹಲವು ವರ್ಷ ವೆಂಡರ್ ಕಡೆ, ಆಮೇಲೆ ಅಷ್ಟೇ ವರ್ಷ ಕ್ಲೈಂಟ್ ಕಡೆ ಕೆಲಸ ಮಾಡಿದವನಾದ್ದರಿಂದ ಮೂವರ ಸಂಕಟವೂ ನನಗೆ ಗೊತ್ತಿರುವಂಥದ್ದೇ.

ಪ್ರಶ್ನೆ: ರಾಜಾಜಿನಗರದ ಒಂದು ಔಷಧ ವಿತರಣಾ ಸಂಸ್ಥೆಯಲ್ಲಿ 9 ವರ್ಷಗಳಿಂದ ನಾನೊಬ್ಬನೇ ಸಾಫ್ಟ್‌ವೇರ್ ಡೆವಲಪರ್. ಬಿಲ್ಲಿಂಗ್, ದಾಸ್ತಾನು, ಬ್ಯಾಚ್‌ವಾರು ಎಕ್ಸ್‌ಪೈರಿ ಲೆಕ್ಕ, ಎಲ್ಲವನ್ನೂ ನಾನೇ ಬರೆದು ನೋಡಿಕೊಂಡು ಬಂದಿದ್ದೇನೆ. ಕಳೆದ ವರ್ಷ ನಮ್ಮ ನಿರ್ದೇಶಕರು ಇಡೀ ವ್ಯವಸ್ಥೆಯನ್ನು ಹೊಸದಾಗಿ ಬರೆಸಲು ಹೊರಗಿನ ಎರಡು ಕಂಪನಿಗಳಿಗೆ ಕೆಲಸ ಕೊಟ್ಟರು. ಒಂದಕ್ಕೆ ಮೊಬೈಲ್ ಆ್ಯಪ್, ಇನ್ನೊಂದಕ್ಕೆ ಸರ್ವರ್ ಭಾಗ. ಒಪ್ಪಂದ ಮಾಡುವಾಗ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಈಗ ಅವರ ಕೋಡ್ ನೋಡಿ ಒಪ್ಪಿಗೆ ಕೊಡುವ ಕೆಲಸ ಮಾತ್ರ ನನ್ನದಾಗಿದೆ. ತಪ್ಪು ತೋರಿಸಿದರೆ ‘ಇದು ಸ್ಕೋಪ್‌ನಲ್ಲಿ ಇಲ್ಲ, ಚೇಂಜ್ ರಿಕ್ವೆಸ್ಟ್ ಕೊಡಿ’ ಎನ್ನುತ್ತಾರೆ, ಅಂದರೆ ಒಪ್ಪಿಕೊಂಡ ಕೆಲಸದ ಪಟ್ಟಿಯಲ್ಲಿಲ್ಲ, ಬೇರೆ ಹಣದ ಹೊಸ ಬೇಡಿಕೆಯಾಗಿ ಕೊಡಿ ಎಂದು. ಆ್ಯಪ್‌ನವರನ್ನು ಕೇಳಿದರೆ ಸರ್ವರ್‌ನವರ ತಪ್ಪು, ಸರ್ವರ್‌ನವರನ್ನು ಕೇಳಿದರೆ ಆ್ಯಪ್‌ನವರ ತಪ್ಪು. ಹೋದ ವಾರದ ಸಭೆಯಲ್ಲಿ ‘ನಿಮ್ಮವರೇ ಅಡ್ಡಗಾಲು ಹಾಕುತ್ತಿದ್ದಾರೆ’ ಎಂದು ನಿರ್ದೇಶಕರ ಎದುರಿಗೇ ಹೇಳಿದರು. ಮುಂದಿನ ತಿಂಗಳು ನಾನು ಯುಎಟಿ ಸೈನ್-ಆಫ್ (ಬಳಸುವವರ ಕಡೆಯಿಂದ ಪರೀಕ್ಷಿಸಿ ಒಪ್ಪಿದೆ ಎಂಬ ಸಹಿ) ಕೊಡಬೇಕು, ಅದರ ಮೇಲೆ ಅವರ 30% ಹಣ ನಿಂತಿದೆ. ಸಹಿ ಹಾಕಲೇ, ಬೇಡವೇ? ಹಾಕದಿದ್ದರೆ ನನ್ನ ಕೆಲಸಕ್ಕೇ ಕುತ್ತು ಬರುವ ಭಯವಿದೆ.

ಉತ್ತರ: ಬಾಕಿ ಉಳಿದ ದೋಷಗಳ ಪಟ್ಟಿಯಿಲ್ಲದ, ಬರಿಯ ‘ಒಪ್ಪಿದೆ’ ಎಂಬ ಹಾಳೆಗೆ ಸಹಿ ಹಾಕಬೇಡಿ. ಹಾಗೆಂದು ಸಭೆಯಲ್ಲಿ, ಫೋನಿನಲ್ಲಿ, ಕಾರಿಡಾರಿನಲ್ಲಿ ಆಕ್ಷೇಪ ಹೇಳುತ್ತ ದಿನ ತಳ್ಳುವುದೂ ತಪ್ಪು, ಏಕೆಂದರೆ ಬಾಯಿಮಾತಿನ ಆಕ್ಷೇಪ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ವೆಂಡರ್‌ಗಳು ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮಗಳಾಗಿದ್ದರೆ ಅವುಗಳಿಗೆ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ರಕ್ಷಣೆ ಇದೆ. ಸರಕೋ ಸೇವೆಯೋ ಕೈಸೇರಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ ಎಂದು ಆ ಕಾಯ್ದೆ ಭಾವಿಸುತ್ತದೆ. ಆಗ ಕೈಸೇರಿದ ದಿನದಿಂದಲೇ ಲೆಕ್ಕ ಹಾಕಿ, ಒಪ್ಪಂದದಲ್ಲಿ ಎಷ್ಟೇ ದೀರ್ಘ ಅವಧಿ ಬರೆದುಕೊಂಡಿದ್ದರೂ ಹಣ ಕೊಡುವುದು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ 3 ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ. 15 ದಿನದೊಳಗೆ ಬರೆದು ಕೊಟ್ಟರೆ, ಆ ದೋಷ ಸರಿಪಡಿಸಿದ ದಿನವೇ ಒಪ್ಪಿಗೆಯ ದಿನವಾಗುತ್ತದೆ. ಹೀಗಾಗಿ ನೀವು ಬರೆಯುವ ಒಂದು ಇ-ಮೇಲ್ ನಿಮ್ಮ ನಿರ್ದೇಶಕರ ಹಣವನ್ನು ಕಾಯುತ್ತದೆ. ಇದನ್ನು ಅವರಿಗೆ ಈ ವಾರವೇ ತಿಳಿಸಿ; ಅಡ್ಡಗಾಲು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ.

ಇನ್ನು ಆಕ್ಷೇಪವನ್ನು ಬರೆಯುವ ಬಗೆ. ನೀವು ಪತ್ರದ ಜೊತೆ ಕಳಿಸಿದ ರಿವ್ಯೂ ಟಿಪ್ಪಣಿಗಳನ್ನೆಲ್ಲ ಓದಿದೆ. ಬಿಲ್ ಆದಷ್ಟನ್ನು ದಾಸ್ತಾನಿನಿಂದ ಕಳೆಯುವ ಭಾಗದ ಪಕ್ಕದಲ್ಲಿ ನೀವು ‘ಈ ಲಾಜಿಕ್ ಸರಿಯಿಲ್ಲ, ಮೊದಲು ಬೇಸಿಕ್ಸ್ ಕಲಿತು ಬನ್ನಿ’ ಎಂದು ಬರೆದಿದ್ದೀರಿ. ಲಾಜಿಕ್ ಸರಿಯಿಲ್ಲ ಎಂಬುದು ನಿಜ. ಆ ಕೋಡ್ ಮೊದಲು ದಾಸ್ತಾನು ಎಷ್ಟಿದೆ ಎಂದು ಓದುತ್ತದೆ, ಸಾಕಷ್ಟಿದೆಯೇ ಎಂದು ನೋಡುತ್ತದೆ, ಆಮೇಲೆ ಬೇರೆಯದೇ ಹೆಜ್ಜೆಯಲ್ಲಿ ಕಳೆಯುತ್ತದೆ. ಓದುವುದಕ್ಕೂ ಕಳೆಯುವುದಕ್ಕೂ ನಡುವಿನ ಆ ಕಣ್ಣೆವೆಯಷ್ಟು ಹೊತ್ತಿನಲ್ಲಿ ಇನ್ನೊಂದು ಕೌಂಟರ್ ಕೂಡ ಅದೇ ಸಂಖ್ಯೆಯನ್ನು ಓದಿಬಿಡಬಹುದು. ಆದರೆ ನಿಮ್ಮ ಟಿಪ್ಪಣಿಯಲ್ಲಿ ಇದ್ಯಾವುದೂ ಇಲ್ಲ, ಬೈಗುಳ ಮಾತ್ರ ಇದೆ. ಬೈಗುಳಕ್ಕೆ ಬೈಗುಳ ವಾಪಸು ಬಂದಿದೆ, ದೋಷ ಅಲ್ಲೇ ಉಳಿದಿದೆ. ಅದನ್ನೇ ಹೀಗೆ ಬರೆದು ನೋಡಿ: ‘ಒಂದು ಬ್ಯಾಚಿನಲ್ಲಿ 10 ಸ್ಟ್ರಿಪ್ ಉಳಿದಿರುವಾಗ ಎರಡು ಕೌಂಟರ್‌ಗಳಿಂದ ಒಂದೇ ಕ್ಷಣದಲ್ಲಿ 10 ಸ್ಟ್ರಿಪ್‌ಗೆ ಬಿಲ್ ಮಾಡಿದರೆ ಎರಡೂ ಬಿಲ್ ಆಗಿ ದಾಸ್ತಾನು ಮೈನಸ್ 10 ತೋರಿಸುತ್ತದೆ. ಇದನ್ನು ತೋರಿಸುವ ಟೆಸ್ಟ್ ಲಗತ್ತಿಸಿದ್ದೇನೆ. ಓದುವುದೂ ಕಳೆಯುವುದೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ, ಆ ಸಾಲಿಗೆ ಲಾಕ್ ಹಾಕಿ ಆಗಬೇಕು, ಅಂದರೆ ಒಂದು ಕೌಂಟರಿನ ಕೆಲಸ ಮುಗಿಯುವವರೆಗೆ ಇನ್ನೊಂದು ಕಾಯಬೇಕು.’ ಇಷ್ಟು ಬರೆದ ಮೇಲೆ ಯಾವ ಪ್ರಾಜೆಕ್ಟ್ ಮ್ಯಾನೇಜರ್ ಕೂಡ ಇದಕ್ಕೆ ಚೇಂಜ್ ರಿಕ್ವೆಸ್ಟ್ ಕೇಳಲಾರರು. ದಾಸ್ತಾನು ಸೊನ್ನೆಗಿಂತ ಕೆಳಗೆ ಹೋಗಬಾರದು ಎಂಬುದು ಹೊಸ ಬೇಡಿಕೆಯೇ ಅಲ್ಲ. ದಾಸ್ತಾನಿನ ಸಾಫ್ಟ್‌ವೇರ್ ಎಂಬ ಮಾತಿನೊಳಗೇ ಅದು ಇದೆ.

ಆದರೆ ಅದೇ ಪಟ್ಟಿಯಲ್ಲಿರುವ 46 ಆಕ್ಷೇಪಗಳಲ್ಲಿ ಸುಮಾರು 20 ವೇರಿಯಬಲ್‌ಗಳ ಹೆಸರು, ಫೈಲುಗಳ ಜೋಡಣೆ, ‘ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ’ ಎಂಬ ಬಗೆಯವು. ಅವನ್ನು ಬಿಟ್ಟುಬಿಡಿ. ಬಾಕಿ ಉಳಿಸಿಕೊಂಡ ಅಂಗಡಿಗೆ ಬಿಲ್ ಮಾಡುವಾಗ ಕೆಂಪು ಬಣ್ಣ ತೋರಿಸಬೇಕೆಂಬ ನಿಮ್ಮ ಬೇಡಿಕೆ ನಿಜಕ್ಕೂ ಹೊಸದು, ಅದು ಸ್ಕೋಪ್‌ನಲ್ಲಿ ಇರಲಿಲ್ಲ. ಅದಕ್ಕೆ ಅವರು ಹಣ ಕೇಳುವುದು ನ್ಯಾಯವೇ. ಇಷ್ಟನ್ನು ನೀವಾಗಿಯೇ ಒಪ್ಪಿಕೊಂಡರೆ ಉಳಿದವಕ್ಕೆ ತೂಕ ಬರುತ್ತದೆ. ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಾಗ ನಿರ್ದೇಶಕರಿಗೆ ಮೈನಸ್ ದಾಸ್ತಾನೂ ಕೆಂಪು ಬಣ್ಣವೂ ಒಂದೇ ರೀತಿಯ ಗೊಣಗಾಟವಾಗಿ ಕೇಳಿಸುತ್ತದೆ.

ವೆಂಡರ್‌ಗಳು ಹೀಗೇಕೆ ಮಾಡುತ್ತಾರೆ ಎಂಬುದನ್ನೂ ಅರ್ಥಮಾಡಿಕೊಳ್ಳಿ. ನಿಮ್ಮದು ಫಿಕ್ಸೆಡ್ ಪ್ರೈಸ್ ಒಪ್ಪಂದ. ಅದರಲ್ಲಿ ನೀವು ವಾಪಸು ಕಳಿಸುವ ಒಂದೊಂದು ಪುಲ್ ರಿಕ್ವೆಸ್ಟ್ (ಒಪ್ಪಿಗೆಗೆ ಕಳಿಸಿದ ಕೋಡ್ ಬದಲಾವಣೆ) ಕೂಡ ಅವರ ಲಾಭದಿಂದಲೇ ಹೋಗುತ್ತದೆ, ಹಾಗಾಗಿ ಅವರಿಗೆ ಬೇಗ ಮುಗಿಸುವ ಅವಸರ. ದುಡಿದ ಗಂಟೆಗಳ ಲೆಕ್ಕದಲ್ಲಿ ಹಣ ಕೊಡುವ ಒಪ್ಪಂದವಾಗಿದ್ದರೆ ಇದೇ ಜನ ಯಾವ ಅವಸರವನ್ನೂ ತೋರಿಸುತ್ತಿರಲಿಲ್ಲ. ಎದುರಿಗೆ ಕುಳಿತ ಹುಡುಗರ ಯೋಗ್ಯತೆಗೂ ಇದಕ್ಕೂ ಸಂಬಂಧ ಕಡಿಮೆ. ‘ಒಪ್ಪಿಗೆ’ ಎಂದರೆ ಏನೆಂದು ಬರೆಯದೆ ಅದರ ಮೇಲೆ 30% ಹಣ ನಿಲ್ಲಿಸಿದ್ದು ನಿಮ್ಮ ಸಂಸ್ಥೆಯ ತಪ್ಪು. ಈಗಲೂ ಕಾಲ ಮಿಂಚಿಲ್ಲ. ನಿಮ್ಮ ಮೂರು ಕಡೆಯವರೂ ಕುಳಿತು, ಯಾವ ಯಾವ ಪರೀಕ್ಷೆ ಪಾಸಾದರೆ ಒಪ್ಪಿಗೆ ಎಂಬ ಒಂದು ಪಟ್ಟಿಗೆ ಈ ತಿಂಗಳೇ ಸಹಿ ಮಾಡಿಸಿ. ನಿಜವಾದ ಗಾತ್ರದ ಡೇಟಾ ಮೇಲೆ ಅದು ಓಡಲೇಬೇಕು. ಡೆಮೊದಲ್ಲಿ 200 ಸಾಲಿಗೆ ಕ್ಷಣದಲ್ಲಿ ಬರುವ ವರದಿ, 9 ವರ್ಷದ ಬಿಲ್ಲುಗಳ ಮೇಲೆ, ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲದ ಟೇಬಲ್‌ನಲ್ಲಿ ನಿಮಿಷಗಟ್ಟಲೆ ತಿರುಗುತ್ತ ಕೂರುತ್ತದೆ. ಆದರೆ ಗ್ರಾಹಕರ ಹೆಸರು, ಫೋನ್ ಸಂಖ್ಯೆಗಳನ್ನು ಅಳಿಸಿ ಮರೆಮಾಚಿದ ಪ್ರತಿಯನ್ನೇ ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ವೆಂಡರ್ ಕೈಯಲ್ಲಿ ದತ್ತಾಂಶ ಸೋರಿದರೂ ಹೊಣೆ ಅದನ್ನು ಸಂಗ್ರಹಿಸಿದ ಸಂಸ್ಥೆಯದೇ. ಸೂಕ್ತ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಆ್ಯಪ್‌ನವರು ಸರ್ವರ್‌ನವರ ಮೇಲೆ, ಅವರು ಇವರ ಮೇಲೆ ಹಾಕುವ ಆಟ ನಿಲ್ಲಿಸಲು ಬೇರೆಯೇ ಕೆಲಸ ಬೇಕು. ಸಾಫ್ಟ್‌ವೇರಿನ ರಚನೆ ಅದನ್ನು ಕಟ್ಟಿದ ತಂಡಗಳ ನಡುವಿನ ಮಾತುಕತೆಯ ರಚನೆಯನ್ನೇ ಹೋಲುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ತೋರಿಸಿಕೊಟ್ಟರು. ನಿಮ್ಮಲ್ಲಿ ಎರಡು ತಂಡಗಳು ಮಾತಾಡುವುದೇ ನಿರ್ದೇಶಕರ ಮುಂದೆ, ವಾರಕ್ಕೊಮ್ಮೆ. ಹಾಗಾಗಿ ಎರಡು ಭಾಗಗಳು ಸೇರುವ ಹೊಲಿಗೆಯಲ್ಲೇ ಎಲ್ಲ ಬಿರುಕೂ ಇದೆ. ಆ್ಯಪ್ ಏನು ಕಳಿಸಬೇಕು, ಸರ್ವರ್ ಏನು ಹಿಂದಿರುಗಿಸಬೇಕು ಎಂಬ ಒಂದೇ ದಾಖಲೆಯನ್ನು ನೀವು ಬರೆದು, ಇಬ್ಬರಿಂದಲೂ ಒಪ್ಪಿಸಿ, ಆ ದಾಖಲೆಯ ಪ್ರಕಾರ ತಾನಾಗಿ ಓಡುವ ಟೆಸ್ಟ್‌ಗಳನ್ನು ಇಡಿ. ಟೆಸ್ಟ್ ಯಾರ ಭಾಗದಲ್ಲಿ ಫೇಲಾಯಿತೋ ಟಿಕೆಟ್ (ಸರಿಪಡಿಸಬೇಕಾದ ಕೆಲಸದ ದಾಖಲೆ) ಅವರದು. ಈ ಕೆಲಸವನ್ನು 9 ವರ್ಷದ ಅನುಭವವಿರುವ ನೀವಲ್ಲದೆ ಬೇರೆ ಯಾರೂ ಮಾಡಲಾರರು.

ಸಹಿಯ ತೂಕವೆಷ್ಟು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ತನ್ನ ಗ್ರಾಹಕರನ್ನು ಹೊಸ ಸಾಫ್ಟ್‌ವೇರಿಗೆ ಒಮ್ಮೆಲೇ ಸಾಗಿಸಿತು. ಲಕ್ಷಾಂತರ ಜನ ತಮ್ಮ ಖಾತೆಗಳನ್ನು ತೆರೆಯಲಾಗದೆ ಪರದಾಡಿದರು. ನಿಯಂತ್ರಕ ಸಂಸ್ಥೆಗಳು 2022ರ ಡಿಸೆಂಬರ್‌ನಲ್ಲಿ ಬ್ಯಾಂಕಿಗೆ 4.86 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದವು. ಮರುವರ್ಷ ಆಗಿನ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ಸಾಫ್ಟ್‌ವೇರ್ ಒದಗಿಸಿದ ಕಂಪನಿಯ ಸಾಮರ್ಥ್ಯವನ್ನು ಸರಿಯಾಗಿ ಪರಿಶೀಲಿಸಿ ಮೇಲ್ವಿಚಾರಣೆ ನಡೆಯುವಂತೆ ನೋಡಿಕೊಳ್ಳಲಿಲ್ಲ ಎಂಬುದು ಅವರ ಮೇಲಿನ ಆರೋಪದ ತಿರುಳು. ನಮ್ಮಲ್ಲೂ ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಡಿಸಿದ ನಿರ್ದೇಶನ ಇದೇ ಮಾತನ್ನು ಹೇಳಿತ್ತು: ಐಟಿ ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಹೊರಗೆ ಕೊಡಲಾಗದು. ನಿಮ್ಮದು ಬ್ಯಾಂಕ್ ಅಲ್ಲ, ಸಹಿ ಹಾಕಿದ್ದಕ್ಕೆ ನಿಮಗೆ ವೈಯಕ್ತಿಕವಾಗಿ ಯಾರೂ ಹೀಗೆ ದಂಡ ಹಾಕಲಾರರು. ಆದರೆ ಸಾಫ್ಟ್‌ವೇರ್ ಚಾಲೂ ಆದ ಮೇಲೆ ರಾತ್ರಿ 11 ಗಂಟೆಗೆ ಗೋದಾಮಿನಿಂದ ಫೋನ್ ಬರುವುದು ವೆಂಡರ್‌ಗಳಿಗಲ್ಲ, ನಿಮಗೆ.

ಕೊನೆಯದಾಗಿ, ನಿಮಗೆ ಕಹಿಯಾಗಬಹುದಾದ ಒಂದು ಮಾತು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಿಮ್ಮನ್ನು ಕೇಳದೆ ಒಪ್ಪಂದ ಮಾಡಿದ್ದು ಅನ್ಯಾಯವೇ. ಆದರೆ 9 ವರ್ಷದಲ್ಲಿ ಹಳೆಯ ವ್ಯವಸ್ಥೆಯ ಬಗ್ಗೆ ನೀವು ಎಷ್ಟು ಪುಟ ಬರೆದಿಟ್ಟಿದ್ದೀರಿ? ಎಕ್ಸ್‌ಪೈರಿ ಹತ್ತಿರವಾದ ಬ್ಯಾಚನ್ನು ಮೊದಲು ಮಾರಬೇಕೆಂಬ ನಿಯಮಕ್ಕೆ ಎಷ್ಟು ವಿನಾಯಿತಿಗಳಿವೆ ಎಂಬುದು ನಿಮ್ಮ ತಲೆಯಲ್ಲಲ್ಲದೆ ಬೇರೆಲ್ಲಾದರೂ ಇದೆಯೇ? ನಿಮ್ಮ ಪತ್ರ ಓದಿದರೆ ಇಲ್ಲವೆಂದೇ ತೋರುತ್ತದೆ. ಎಲ್ಲವೂ ಒಬ್ಬರ ತಲೆಯಲ್ಲೇ ಇದೆ ಎಂಬ ಭಯದಿಂದಲೇ ಅನೇಕ ಮಾಲೀಕರು ಹೊರಗಿನವರನ್ನು ಕರೆತರುತ್ತಾರೆ. ದಿನಕ್ಕೆ ಒಂದು ಪುಟದಂತೆ ಇಂದೇ ಬರೆಯಲು ಶುರುಮಾಡಿ. ಗೊತ್ತಿರುವುದನ್ನು ಬರೆದಿಟ್ಟದ್ದಕ್ಕೆ ಕೆಲಸ ಕಳೆದುಕೊಂಡವರನ್ನು ನಾನು ಕಂಡಿಲ್ಲ. ಬಚ್ಚಿಟ್ಟುಕೊಂಡು ಕಳೆದುಕೊಂಡವರನ್ನು ಕಂಡಿದ್ದೇನೆ.

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಒಂದು ಸಾಫ್ಟ್‌ವೇರ್ ಸೇವಾ ಕಂಪನಿಯಲ್ಲಿ 3 ವರ್ಷಗಳಿಂದ ಇದ್ದೇನೆ. ಈಗ ಮಾರತ್ತಹಳ್ಳಿ ಬಳಿಯ ಕ್ಲೈಂಟ್ ಕಚೇರಿಗೆ ನಿಯೋಜಿಸಿದ್ದಾರೆ. ಅಲ್ಲಿನ ಹಿರಿಯ ಡೆವಲಪರ್ ನನ್ನ ಕೋಡ್ ಬಗ್ಗೆ 40 ಜನರಿರುವ ಗುಂಪಿನಲ್ಲೇ ‘ವೆಂಡರ್ ಕೋಡ್ ಅಂದರೆ ಇಷ್ಟೇ’ ಎಂದು ಬರೆಯುತ್ತಾರೆ. ಏನಾದರೂ ಕೇಳಲು ಹೋದರೆ ಟಿಕೆಟ್ ಹಾಕಿ ಎನ್ನುತ್ತಾರೆ. ಇತ್ತ ನಮ್ಮ ಮ್ಯಾನೇಜರ್ ‘ಕ್ಲೈಂಟ್ ಏನೇ ಕೇಳಲಿ ಆಗುತ್ತದೆ ಎಂದು ಹೇಳು’ ಎನ್ನುತ್ತಾರೆ. ಆಗದ ತಾರೀಖಿಗೆ ಆಗುತ್ತದೆ ಎಂದು ಹೇಳಿ, ತರಾತುರಿಯಲ್ಲಿ ಬರೆದು, ಬೈಸಿಕೊಳ್ಳುವುದೇ ನನ್ನ ದಿನಚರಿಯಾಗಿದೆ. ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಜಾಗದಲ್ಲಿ ನಾನೂ ಕುಳಿತಿದ್ದೆ. ಮೈಸೂರು ರಸ್ತೆಯ ಒಂದು ಕಾರ್ಖಾನೆಗೆ ಸಂಬಳದ ಲೆಕ್ಕದ ಸಾಫ್ಟ್‌ವೇರ್ ಬರೆಯಲು ನಮ್ಮ ತಂಡ ಹೋಗಿತ್ತು. ಅಲ್ಲಿನ ಹಳೆಯ ಪ್ರೋಗ್ರಾಮರ್ ಒಬ್ಬರು ನಮ್ಮತ್ತ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ, ನಾವೂ ಅವರನ್ನು ತಪ್ಪಿಸಿಕೊಂಡೇ ಓಡಾಡುತ್ತಿದ್ದೆವು. ಮೊದಲ ಸಂಬಳದ ದಿನ ರಾತ್ರಿ ಪಾಳಿಯವರ ಲೆಕ್ಕವೆಲ್ಲ ತಪ್ಪಿತು. ರಾತ್ರಿ 10ಕ್ಕೆ ಒಳಬಂದು ಬೆಳಿಗ್ಗೆ 6ಕ್ಕೆ ಹೊರಹೋಗುವವರ ಹಾಜರಿಯನ್ನು ನಮ್ಮ ಕೋಡ್ ನಡುರಾತ್ರಿ 12ಕ್ಕೆ ಎರಡು ತುಂಡು ಮಾಡಿ, ಎರಡೂ ದಿನ ಪೂರ್ತಿ ಪಾಳಿ ಆಗಲಿಲ್ಲವೆಂದು ಸಂಬಳ ಮುರಿದಿತ್ತು. ನನಗೆ ಕೈಕಾಲು ಆಡಲಿಲ್ಲ. ಆ ಹಿರಿಯರು ಡ್ರಾಯರ್ ಎಳೆದು, ಮೂಲೆ ಮಡಚಿಹೋದ ಒಂದು ಉದ್ದ ನೋಟ್‌ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಪಾಳಿಗಳ ನಿಯಮವೆಲ್ಲ ಪುಟಕ್ಕೊಂದರಂತೆ, ನೀಲಿ ಶಾಯಿಯಲ್ಲಿ, ಯಾವ ವರ್ಷ ಯಾರ ಆದೇಶದಿಂದ ಬದಲಾಯಿತು ಎಂಬುದರ ಸಮೇತ ಅದರಲ್ಲಿತ್ತು. ‘ನೀವು ಕೇಳಿದ್ದರೆ ಕೊಡುತ್ತಿದ್ದೆ’ ಎಂದರು. ಆ ಒಂದು ಮಾತು ನನಗೆ ಇಂದಿಗೂ ಚುಚ್ಚುತ್ತದೆ, ಏಕೆಂದರೆ ಅರ್ಧ ದಿನದ ಸಂಬಳ ಕಡಿಮೆಯಾಗಿ ಗೇಟಿನ ಬಳಿ ನಿಂತಿದ್ದವರು ಅವರೂ ಅಲ್ಲ, ನಾನೂ ಅಲ್ಲ.

ಹಾಗಾಗಿ ನನ್ನ ಸಲಹೆ ಇದು. ಆ ಹಿರಿಯರ ಬಳಿ ಗುಂಪಿನ ಹೊರಗೆ, ಅವರ ಮೇಜಿನ ಹತ್ತಿರ ಹೋಗಿ 20 ನಿಮಿಷ ಕೇಳಿ. ನಿಮ್ಮ ಕೋಡ್ ತೋರಿಸಬೇಡಿ. ಹಳೆಯ ವ್ಯವಸ್ಥೆ ಯಾವ ಯಾವ ಸಂದರ್ಭದಲ್ಲಿ ಕೈಕೊಟ್ಟಿತ್ತು ಎಂದು ಕೇಳಿ. ತಾನು ಕಟ್ಟಿದ್ದನ್ನು ಯಾರಾದರೂ ನಿಜವಾದ ಆಸಕ್ತಿಯಿಂದ ಕೇಳಿದಾಗ ಬಾಯಿಬಿಡದ ಡೆವಲಪರ್ ವಿರಳ. ಅವರ ಬಿಗುವಿನ ಹಿಂದೆ ‘ನನ್ನ ಜಾಗಕ್ಕೆ ಇವರು ಬಂದರು’ ಎಂಬ ಅಂಜಿಕೆ ಇರುವ ಸಾಧ್ಯತೆಯೇ ಹೆಚ್ಚು. ಅದು ಅವರ ನಡವಳಿಕೆಗೆ ಕಾರಣವಾಗಬಹುದು, ಸಮರ್ಥನೆ ಆಗದು. ಮಾತಾಡಿದ ಮೇಲೂ 40 ಜನರ ಮುಂದೆ ಹೀಯಾಳಿಸುವುದು ಮುಂದುವರಿದರೆ, ಆ ಸಂದೇಶಗಳನ್ನು ತೆಗೆದಿಟ್ಟುಕೊಂಡು ನಿಮ್ಮ ಡೆಲಿವರಿ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ, ಕೋಡ್ ಬಗೆಗಿನ ಆಕ್ಷೇಪ ಕೋಡ್ ಪಕ್ಕದಲ್ಲೇ ಬರಲಿ ಎಂದು ಕ್ಲೈಂಟ್ ಮ್ಯಾನೇಜರ್‌ಗೆ ಅವರಿಂದ ಹೇಳಿಸಿ.

ಇನ್ನು ನಿಮ್ಮ ಮ್ಯಾನೇಜರ್ ವಿಷಯ. ಆಗದ ತಾರೀಖಿಗೆ ಹೂಂ ಎನ್ನಬೇಡಿ. ಇಲ್ಲ ಎನ್ನುವುದು ಕಷ್ಟವಾದರೆ ಎರಡು ದಾರಿಗಳನ್ನು ಬರೆದು ಮುಂದಿಡಿ: ‘15ರಂದು ಈ ಮೂರು ಪರದೆಗಳನ್ನು ಟೆಸ್ಟ್ ಸಮೇತ ಕೊಡಬಲ್ಲೆ, ಐದೂ ಬೇಕಾದರೆ 24 ಆಗುತ್ತದೆ.’ ಆಯ್ಕೆ ಅವರದಾಗಲಿ, ದಾಖಲೆ ನಿಮ್ಮ ಇ-ಮೇಲ್‌ನಲ್ಲಿರಲಿ. ತರಾತುರಿಯಲ್ಲಿ ಡೇಟಾಬೇಸ್ ಪಾಸ್‌ವರ್ಡನ್ನು ಕೋಡ್ ಒಳಗೇ ಬರೆದು, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ಗೆ ಸೇರಿಸಿಬಿಟ್ಟೆ, ಮರುದಿನ ಅಳಿಸಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅಳಿಸಿದರೂ ಗಿಟ್ ಇತಿಹಾಸದಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಇಂದೇ ಕ್ಲೈಂಟ್‌ಗೆ ತಿಳಿಸಿ ಆ ಪಾಸ್‌ವರ್ಡ್ ಬದಲಾಯಿಸಿ. ನಿಮ್ಮ ತಪ್ಪನ್ನು ನೀವೇ ಹೋಗಿ ಹೇಳಿದ ದಿನದಿಂದ ಆ ಹಿರಿಯರು ನಿಮ್ಮನ್ನು ನೋಡುವ ಬಗೆಯೂ ಬೇರೆಯಾಗುತ್ತದೆಂದು ನನ್ನ ನಂಬಿಕೆ.

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಯಂತ್ರಭಾಗಗಳ ಸಣ್ಣ ಕಾರ್ಖಾನೆ. ಆರ್ಡರ್ ಮತ್ತು ಜಾಬ್‌ವರ್ಕ್ ಲೆಕ್ಕಕ್ಕೆ ಹೊರಗಿನ ಕಂಪನಿಯಿಂದ ಸಾಫ್ಟ್‌ವೇರ್ ಮಾಡಿಸಿದೆ, ಕೊನೆಯ ಕಂತು ಬಿಟ್ಟು ಎಲ್ಲ ಹಣವನ್ನೂ ಕೊಟ್ಟಿದ್ದೇನೆ. ಈಗ ನಮ್ಮಲ್ಲೇ ಒಬ್ಬ ಹುಡುಗನನ್ನು ಡೆವಲಪರ್ ಆಗಿ ಸೇರಿಸಿಕೊಂಡೆ. ಅವನು ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಕೇಳಿದರೆ ‘ಅದು ನಮ್ಮ ಸ್ವತ್ತು’ ಎನ್ನುತ್ತಾರೆ. ನಾನು ಹಣ ಕೊಟ್ಟಿದ್ದು ನನ್ನದಾಗುವುದಿಲ್ಲವೇ?

ಉತ್ತರ: ದುರದೃಷ್ಟವಶಾತ್, ಹಣ ಕೊಟ್ಟ ಮಾತ್ರಕ್ಕೆ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಎಂದರೆ ಸಾಹಿತ್ಯ ಕೃತಿಯ ಸಾಲಿಗೇ ಸೇರುತ್ತದೆ. ನಿಮ್ಮ ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 17ನೇ ಸೆಕ್ಷನ್ ಪ್ರಕಾರ ಮೊದಲ ಹಕ್ಕುದಾರರು ನೀವೇ. ಹೊರಗಿನ ಕಂಪನಿ ಗುತ್ತಿಗೆಯ ಮೇಲೆ ಬರೆದರೆ ಹಕ್ಕು ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ. ಅವರು ಲಿಖಿತವಾಗಿ, ಸಹಿ ಮಾಡಿ ವರ್ಗಾಯಿಸಿದರೆ ಮಾತ್ರ ನಿಮಗೆ ಬರುತ್ತದೆ. ಆ ಬರಹದಲ್ಲಿಯೂ ಎಚ್ಚರ ಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ 19ನೇ ಸೆಕ್ಷನ್ ಅದನ್ನು 5 ವರ್ಷಕ್ಕೆ ಎಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಭಾವಿಸುತ್ತದೆ. ನಿಮ್ಮ ಒಪ್ಪಂದವನ್ನು ವಕೀಲರಿಗೆ ತೋರಿಸಿ, ‘ವರ್ಗಾವಣೆ’ ಎಂಬ ಮಾತು ಎಲ್ಲಾದರೂ ಇದೆಯೇ, ಅಥವಾ ಬಳಸುವ ಪರವಾನಗಿ ಮಾತ್ರ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಿಸಿ.

ಮಾತು ಬರೆದಿಲ್ಲವಾದರೆ ಜಗಳಕ್ಕಿಂತ ಚೌಕಾಸಿ ಮೇಲು. ಅವರಿಗೆ ಕೊನೆಯ ಕಂತು ಬೇಕು, ನಿಮಗೆ ಕೋಡ್ ಬೇಕು. ಇಂತಹ ಕಂಪನಿಗಳು ತಾವು ಎಲ್ಲ ಗ್ರಾಹಕರಿಗೂ ಬಳಸುವ ಸಾಮಾನ್ಯ ಭಾಗವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು. ಆ ಭಾಗಕ್ಕೆ ಕಾಲಮಿತಿಯಿಲ್ಲದ ಪರವಾನಗಿ ಸಾಕು, ನಿಮಗಾಗಿಯೇ ಬರೆದ ಭಾಗಕ್ಕೆ ಪೂರ್ಣ ವರ್ಗಾವಣೆ ಕೇಳಿ. ಕೋಡ್ ಜೊತೆಗೆ ಸರ್ವರ್ ಖಾತೆ, ವೆಬ್ ವಿಳಾಸ, ಡೇಟಾಬೇಸ್ ಬ್ಯಾಕಪ್ ಯಾರ ಹೆಸರಿನಲ್ಲಿವೆ ಎಂಬುದನ್ನೂ ಕೇಳಿ, ಎಲ್ಲವನ್ನೂ ನಿಮ್ಮ ಕಾರ್ಖಾನೆಯ ಹೆಸರಿಗೆ ಬದಲಾಯಿಸಿಕೊಳ್ಳಿ. ಅವರ ಎಂಜಿನಿಯರ್‌ಗಳು ನಿಮ್ಮ ಹುಡುಗನ ಜೊತೆ ಕನಿಷ್ಠ 5 ದಿನ ಕುಳಿತು ಕೆಟಿ (ಕೆಲಸದ ತಿಳಿವಳಿಕೆಯ ಹಸ್ತಾಂತರ) ಕೊಡುವುದಕ್ಕೆ ಪ್ರತ್ಯೇಕ ಹಣ ಕೊಡಿ. ಬಿಟ್ಟಿ ಕೇಳಿದರೆ ಅರ್ಧಂಬರ್ಧ ಸಿಗುತ್ತದೆ. ಕೋಡ್ ಕೈಗೆ ಬಂದ ಮೇಲೆ, ಅದುವರೆಗೆ ಏನೂ ಹಾಕಿಲ್ಲದ ಹೊಸ ಕಂಪ್ಯೂಟರಿನಲ್ಲಿ, ವೆಂಡರ್ ಕಡೆಯವರು ಕೀಬೋರ್ಡ್ ಮುಟ್ಟದಂತೆ, ಬರೆದುಕೊಟ್ಟ ಸೂಚನೆಗಳನ್ನು ಮಾತ್ರ ನೋಡಿಕೊಂಡು ನಿಮ್ಮ ಹುಡುಗನೇ ಇಡೀ ಸಾಫ್ಟ್‌ವೇರನ್ನು ಕಟ್ಟಿ ಓಡಿಸಲಿ, ಒಂದು ಜಾಬ್‌ವರ್ಕ್ ಚಲನ್ ತೆಗೆದು ತೋರಿಸಲಿ. ಕೊನೆಯ ಕಂತಿನ ಚೆಕ್ಕನ್ನು ಆ ಚಲನ್ ಪ್ರಿಂಟ್ ಆದ ದಿನ ಕೊಡಿ, ಒಂದು ದಿನವೂ ತಡಮಾಡಬೇಡಿ.